ಮೂರು ಬೆರಳಿನ ನಿರಿಗೆ

ಹದಿನಾಲ್ಕನೇ ತಾರೀಖು, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅಕ್ಕನಿಗೆ,

ನಿನಗೂ ನಿನ್ನ ಎರಡು ಮೊಣಕಾಲುಗಳಿಗೂ ನಿನ್ನ ಪುಟ್ಟಿಯ ನಮಸ್ಕಾರ. ನೀನಂತೂ ಹಟ ಬಿಡುವವಳಲ್ಲ, ಅವಾದರೂ ಬಿಟ್ಟಿವೆಯೋ ಇಲ್ಲವೋ ತಿಳಿಸು. ನಾವೆಲ್ಲ ಕ್ಷೇಮ. ಗುರುವಾರ ಸಂಜೆ ಮನೆ ಸೇರಿದೆವು. ಬಂದ ತಕ್ಷಣ ಫೋನು ಮಾಡಲಿಲ್ಲ ಎಂದು ನೀನು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಬೈಯಲು ಶುರು ಮಾಡುತ್ತೀಯ, ನಾನು ಅಳಲು ಶುರು ಮಾಡುತ್ತೇನೆ, ನಡುವೆ ವಿಷಯವೇ ಕಳೆದುಹೋಗುತ್ತದೆ. ಕಾಗದವಾದರೆ ನೀನು ಎಷ್ಟೇ ಬೈದರೂ ಮುಂದಿನ ಸಾಲು ಅಲ್ಲೇ ಇರುತ್ತದೆ. ಒಂದು ಸುದ್ದಿಯನ್ನು ಕೊನೆಗೆ ಇಟ್ಟಿದ್ದೇನೆ. ಹಾರಿಸಿ ಓದಬೇಡ, ನಿನ್ನ ಮೇಲೆ ಆಣೆ.

ಹೊರಡುವ ಹಿಂದಿನ ದಿನ ನೀನು ನನ್ನ ಕೈ ಹಿಡಿದು ಮಾತು ತೆಗೆದುಕೊಂಡೆಯಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಇಪ್ಪತ್ತಾರು ವರ್ಷ ಹೋಟೆಲಿನಲ್ಲಿ ಕಂಡವರ ಹಾಸಿಗೆ ಹಾಸಿದ್ದೀಯ, ಈ ಮೂರು ದಿನ ಒಂದು ದಿಂಬಿನ ಕವರನ್ನೂ ಮುಟ್ಟಬಾರದು, ಕಾಲು ಚಾಚಿಕೊಂಡು ಕೂರಬೇಕು ಎಂದಿದ್ದೆ. ನಾನು ಹೂಂ ಎಂದಿದ್ದೆ. ಆ ಹೂಂ ಒಂದು ರಾತ್ರಿ ಬಾಳಿತು, ಅಷ್ಟೇ. ಈಗಲೇ ಬೈದುಬಿಡು, ಆಮೇಲೆ ಸಮಾಧಾನವಾಗಿ ಓದಬಹುದು.

ನನ್ನ ಮಗಳು, ನಿನ್ನ ಮುದ್ದಿನ ಮರಿ, ಕೆಲಸ ಮಾಡುವ ಆ ಪಾರ್ಕಿನ ಹೋಟೆಲು ನಮ್ಮ ಹೋಟೆಲಿನ ಹಾಗಲ್ಲ, ಅಕ್ಕ. ಇಡೀ ಕಟ್ಟಡವನ್ನು ಹಡಗಿನ ಹಾಗೆ ಕಟ್ಟಿದ್ದಾರೆ. ಗುಂಡು ಗುಂಡು ಕಿಟಕಿಗಳು, ಮೆಟ್ಟಿಲಿಗೆ ಹಗ್ಗದ ಕೈಹಿಡಿ, ಲಿಫ್ಟಿನೊಳಗೆ ಅಲೆಗಳ ಸದ್ದು. ಸಮುದ್ರ ಎಲ್ಲಿದೆ ಎಂದು ನಮ್ಮವರು ಕೇಳಿದರೆ ಬಸ್ಸಿನಲ್ಲಿ ಒಂದು ಹಗಲಿನ ದಾರಿಯಂತೆ! ಕಿಟಕಿಯಿಂದ ನೋಡಿದರೆ ಪಾರ್ಕಿನ ಬಣ್ಣ ಬಣ್ಣದ ಗೋಪುರಗಳು, ದೊಡ್ಡ ಚಕ್ರ, ನೀರಿಗೆ ಧುಮುಕುವ ದೋಣಿಗಳು, ಬೆಳಗಿನಿಂದ ಸಂಜೆಯವರೆಗೆ ಜನ ಖುಷಿಯಿಂದ ಕಿರುಚುವ ಸದ್ದು. ಆರುನೂರ ನಲವತ್ತು ಕೋಣೆ. ನಾನು ಒಳಗೆ ಕಾಲಿಡುತ್ತಲೇ ಮನಸ್ಸಿನಲ್ಲಿ ಗುಣಿಸಿಬಿಟ್ಟೆ, ಒಬ್ಬರಿಗೆ ಹದಿನಾರು ಕೋಣೆ ಎಂದರೂ ನಲವತ್ತು ಜನ ಬೇಕು. ನಿನ್ನ ತಂಗಿ ಮಹಾರಾಣಿಯಾದದ್ದು ಇಷ್ಟೇ.

ಮರಿ ನಾವಿಕರ ಬಿಳಿ ಟೋಪಿ ಹಾಕಿಕೊಂಡು ರಿಸೆಪ್ಷನ್ನಿನಲ್ಲಿ ನಿಂತಿದ್ದಳು. ನಮ್ಮನ್ನು ಕಂಡರೂ ಓಡಿ ಬರಲಿಲ್ಲ. ಅವಳ ಮುಂದೆ ಒಬ್ಬ ಧಡೂತಿ ಆಸಾಮಿ ಕೋಣೆ ಸಿಗಲಿಲ್ಲವೆಂದು ಮೇಜು ಗುದ್ದುತ್ತಿದ್ದ. ನಾನಾಗಿದ್ದರೆ ನಾಲ್ಕು ಮಾತು ಆಡಿಬಿಡುತ್ತಿದ್ದೆ. ಇವಳು ಅವನ ಮಗುವಿಗೆ ಒಂದು ಕಾಗದದ ದೋಣಿ ಮಡಚಿ ಕೊಟ್ಟಳು, ಅವನಿಗೆ ಒಂದು ಲೋಟ ನೀರು ಕೊಟ್ಟಳು, ಐದು ನಿಮಿಷದಲ್ಲಿ ಅವನೇ ಸಾರಿ ಕೇಳಿ ಹೋದ. ಆಮೇಲೆ ನಮ್ಮ ಕಡೆ ತಿರುಗಿ, ಗೊತ್ತೇ ಇಲ್ಲದವಳ ಹಾಗೆ, ನಮ್ಮ ಹಡಗಿಗೆ ಸ್ವಾಗತ ಎಂದು ತಲೆ ಬಾಗಿಸಿದಳು. ನಮ್ಮತ್ತೆ ಗಾಬರಿಯಾಗಿ, "ಹಡಗು ಅಲ್ಲಾಡತ್ತೇನೇ? ನನಗೆ ವಾಂತಿ ಬರತ್ತೆ" ಎಂದರು. ಎಲ್ಲರೂ ನಕ್ಕೆವು. ನಾನು ಮಾತ್ರ ಮಗಳ ಬೆನ್ನು ನೋಡುತ್ತಿದ್ದೆ. ನಿನ್ನ ಬೆನ್ನಿನ ಹಾಗೇ ನೆಟ್ಟಗಿತ್ತು.

ಅವಳು ಅಲ್ಲಿ ಸೇರಿ ಹನ್ನೊಂದು ತಿಂಗಳು. ಒಂದು ವರ್ಷ ಪರೀಕ್ಷೆಯ ಕಾಲ, ಅದು ಮುಗಿಯುವ ಮುಂಚೆ ಕಾಯಂ ಪತ್ರ ಬರಬೇಕು, ಬಾರದಿದ್ದರೆ ಟೋಪಿ ಬಿಚ್ಚಿಟ್ಟು ಮನೆಗೆ. ತೀರ್ಮಾನ ಇದೇ ವಾರ ಎಂದು ಅವಳು ಮೊದಲೇ ಹೇಳಿದ್ದಳು. ಕೆಲಸಕ್ಕೆ ಸೇರಿದ ವರ್ಷದೊಳಗೆ ಒಂದು ಸಲ ಮನೆಯವರನ್ನು ಮೂರು ರಾತ್ರಿ ಉಳಿಸಿಕೊಳ್ಳಲು ಅವರಲ್ಲಿ ಅವಕಾಶವಿದೆ, ನಾಲ್ಕು ಜನರಿಗೆ ಒಂದು ಕೋಣೆ. ನಾಲ್ಕನೆಯದು ನಿನಗೆಂದೇ ಅವಳು ಬರೆಸಿದ್ದಳು. ನೀನು ಇನ್ನು ಈ ಜನ್ಮದಲ್ಲಿ ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ ಎಂದೆ. ಅವಳು ಹೆಸರು ಹೊಡೆದು ಹಾಕಲಿಲ್ಲ, ಹಾಗೇ ಬಿಟ್ಟಳು.

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ಕೆಲಸಕ್ಕೆ ಸೇರುವಾಗ ತುಂಬಿದ ಕಾಗದದಲ್ಲಿ ತಾಯಿಯ ಉದ್ಯೋಗ ಎಂದು ಒಂದು ಸಾಲಿತ್ತು. ಅಲ್ಲಿ ಗೃಹಿಣಿ ಎಂದು ಬರೆ ಎಂದವಳು ನಾನೇ. ರಿಸೆಪ್ಷನ್ನಿನಲ್ಲಿ ನಿಲ್ಲುವ ಹುಡುಗಿಯ ತಾಯಿ ಹೌಸ್‌ಕೀಪಿಂಗ್‌ನವಳು ಎಂದು ತಿಳಿದರೆ ಅವಳನ್ನು ಹಗುರವಾಗಿ ಕಂಡಾರು ಎಂಬ ಹೆದರಿಕೆ ನನಗೆ. ಅವಳು ಎರಡು ದಿನ ಜಗಳ ಆಡಿದಳು. ಕೊನೆಗೆ ನಾನು ಊಟ ಬಿಡುತ್ತೇನೆಂದು ಹೆದರಿಸಿದ ಮೇಲೆ ಬರೆದಳು.

ಕೋಣೆಯಲ್ಲಿ ಒಂದು ದೊಡ್ಡ ಹಾಸಿಗೆ, ಗೋಡೆಗೆ ಹಡಗಿನಲ್ಲಿರುವಂತೆ ಒಂದರ ಮೇಲೊಂದು ಎರಡು ಸಣ್ಣ ಹಾಸಿಗೆ. ದೊಡ್ಡದರಲ್ಲಿ ನಾವಿಬ್ಬರು, ಕೆಳಗಿನದರಲ್ಲಿ ಅತ್ತೆ, ಮೇಲಿನದು ನಿನ್ನದು, ಖಾಲಿ. ಮೊದಲ ರಾತ್ರಿ ಮಲಗಿದಾಗ ನನ್ನ ಪಾದಗಳಿಗೆ ಎಷ್ಟು ಹಾಯೆನಿಸಿತೆಂದರೆ, ನಮ್ಮ ಮನೆಯ ಹಾಸಿಗೆಯಲ್ಲೇ ಇದ್ದೇನೆಂದುಕೊಂಡೆ. ಒಳ್ಳೆಯ ಹೋಟೆಲು, ಒಳ್ಳೆಯ ಹಾಸಿಗೆ ಎಂದುಕೊಂಡು ನಿದ್ದೆ ಹೋದೆ. ಇದನ್ನು ನೆನಪಿಟ್ಟುಕೋ.

ಮಂಗಳವಾರ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಅಭ್ಯಾಸ, ಏನು ಮಾಡಲಿ. ಉಳಿದವರೂ ಎದ್ದು ಸ್ನಾನ ಮುಗಿಸಿದರು. ಕೆದರಿದ ಹಾಸಿಗೆ ನನ್ನನ್ನೇ ನೋಡುತ್ತಿತ್ತು. ಎರಡು ಸಲ ಬೆನ್ನು ತಿರುಗಿಸಿ ಕೂತೆ. ಆಗ ಓಣಿಯಲ್ಲಿ ಬಟ್ಟೆಯ ಗಾಡಿ ತಳ್ಳುವ ಸದ್ದು ಕೇಳಿತು. ಬಾಗಿಲ ಸಂದಿಯಿಂದ ನೋಡಿದರೆ ನಲವತ್ತೈದು ದಾಟಿದ, ದಪ್ಪ ಮೀಸೆಯ ಒಬ್ಬರು, ನಮ್ಮ ಸಾಲಿನ ಕೋಣೆಗಳನ್ನು ನೋಡಿಕೊಳ್ಳುವವರು, ಗಾಡಿಗೆ ಒರಗಿ ಸೊಂಟ ನೀವಿಕೊಳ್ಳುತ್ತಿದ್ದರು. ಆ ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಇಳಿಯುತ್ತದೆಂದು ನನಗೂ ಗೊತ್ತು, ನಿನಗೂ ಗೊತ್ತು. ಇವರಿಗೆ ಒಂದು ಕೋಣೆಯಾದರೂ ಹಗುರಾಗಲಿ ಎನಿಸಿತು. ಅಷ್ಟು ಸಾಕಾಯಿತು ನನ್ನ ಕೈಗೆ.

ಮಾಡುವುದೇನೋ ಮಾಡಿದೆ, ಅಚ್ಚುಕಟ್ಟಾಗಿಯೇ ಮಾಡಿದೆ. ಎರಡೂ ಹಾಸಿಗೆ ಹಾಸಿದೆ, ಮನೆಯಲ್ಲಿ ಹಾಸುವ ಹಾಗೆ, ಕಾಲ ಬಳಿ ಪಾದ ಆಡಲು ಜಾಗ ಬಿಡುವ ನಿನ್ನ ನಿರಿಗೆ ಹಿಡಿದು. ಬಚ್ಚಲು ಒರೆಸಿ ಒಣಗಿಸಿದೆ. ಟವೆಲುಗಳನ್ನು ಮಡಚಿ ಸರಳಿಗೆ ಹಾಕಿದೆ. ಕಸ ಕಟ್ಟಿ ಕೆಳಗಿನ ತೊಟ್ಟಿಗೆ ಹಾಕಿ ಬಂದೆ. ಬ್ಯಾಗುಗಳನ್ನು ಬೀರುವಿನಲ್ಲಿಟ್ಟು ಬಾಗಿಲು ಮುಚ್ಚಿದೆ. ನಮ್ಮವರು, "ಇಲ್ಲಿ ಯಾರಾದ್ರೂ ಇದ್ರು ಅಂತ ಹೇಳೋಕೇ ಆಗಲ್ಲ ನೋಡು" ಎಂದು ಹೊಗಳಿದರು. ನಾನು ಹಿಗ್ಗಿದೆ. ಬುಧವಾರ ಬೆಳಿಗ್ಗೆಯೂ ಅದನ್ನೇ ಮಾಡಿದೆ.

ಪಾರ್ಕಿನ ಮಾತು ಹೇಳದಿದ್ದರೆ ನಮ್ಮತ್ತೆ ನನ್ನನ್ನು ಬಿಡುವುದಿಲ್ಲ. ಎಂಬತ್ತು ದಾಟಿದವರಿಗೆ ದೊಡ್ಡ ಆಟಗಳಿಗೆ ಬಿಡುವುದಿಲ್ಲವೆಂದು ಅವರಿಗೆ ಭಾರಿ ಕೋಪ. ಆ ಸಿಟ್ಟಿಗೆ ತಿರುಗುವ ಮರದ ಕುದುರೆಯನ್ನು ಆರು ಸಲ ಹತ್ತಿದರು, ಆರೂ ಸಲ ಅದೇ ಕರಿ ಕುದುರೆ. ಏಳನೇ ಸಲ ಕರೆದರೆ, "ಬೇಡ, ಪಾಪ, ಅದಕ್ಕೂ ಸುಸ್ತಾಗಿದೆ" ಎಂದರು. ನಮ್ಮವರ ಕಥೆ ಇನ್ನೂ ಚೆಂದ. ಡಿಕ್ಕಿ ಹೊಡೆಯುವ ಸಣ್ಣ ಕಾರುಗಳ ಆಟವಿದೆಯಲ್ಲ, ಅದಕ್ಕೆ ಹತ್ತಿದರು. ಮೂವತ್ತೊಂದು ವರ್ಷ ಒಂದೂ ಅಪಘಾತ ಮಾಡದೆ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಡಿಕ್ಕಿ ಹೊಡಿ ಎಂದರೆ ಹೊಡೆದಾರೇ? ಕೈ ಹೊರಗೆ ಚಾಚಿ ಸಿಗ್ನಲ್ ಕೊಡುತ್ತ, ಮಕ್ಕಳಿಗೆಲ್ಲ ದಾರಿ ಬಿಡುತ್ತ, ಅಂಚಿನಲ್ಲೇ ಮೆಲ್ಲಗೆ ಸುತ್ತಿದರು. ಎಲ್ಲರೂ ಬಂದು ಬಂದು ಅವರಿಗೇ ಗುದ್ದಿದರು. ಇಳಿದು ಬಂದು, ಒಬ್ಬರಿಗೂ ಲೈಸೆನ್ಸ್ ಕೊಡಬಾರದು ಎಂದರು.

ಬುಧವಾರ ಹನ್ನೊಂದು ಗಂಟೆಗೆ ನಾವು ದೊಡ್ಡ ಚಕ್ರದ ಸಾಲಿನಲ್ಲಿ ನಿಂತಿದ್ದೆವು. ಮರಿ ಟೋಪಿ ಕೈಯಲ್ಲಿ ಹಿಡಿದು ಓಡುತ್ತ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಎಳೆದು, "ಅಮ್ಮಾ, ನಿಜ ಹೇಳು. ನೀವೆಲ್ಲ ರಾತ್ರಿ ಎಲ್ಲಿ ಮಲಗ್ತಿದ್ದೀರಿ?" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆಯೇ, "ಇನ್ನೆಲ್ಲಿ, ನಿನ್ನ ಹಡಗಿನಲ್ಲಿ" ಎಂದರು.

ಆಗಿದ್ದು ಇಷ್ಟು. ಪಾರ್ಕಿಗೆ ಜನ ತುಂಬಿರುವ ದಿನಗಳಲ್ಲಿ ಕೋಣೆ ಸಿಗದೆ ಅತಿಥಿಗಳು ವಾಪಸು ಹೋಗುತ್ತಿರುತ್ತಾರೆ. ಹಿಂದೆ ಕೆಲಸದವರಲ್ಲೇ ಕೆಲವರು, ಕೋಣೆಯ ಜೊತೆ ಸಿಗುವ ಪಾರ್ಕಿನ ಪಾಸಿಗಾಗಿ, ಊರಲ್ಲೇ ಇರುವ ನೆಂಟರ ಹೆಸರು ಬರೆಸಿದ್ದರಂತೆ. ಅವರು ಹಗಲು ಬಂದು ಆಡಿ ಸಂಜೆ ಮನೆಗೆ ಹೋಗುತ್ತಿದ್ದರು, ಕೋಣೆ ಖಾಲಿ ಬಿದ್ದಿರುತ್ತಿತ್ತು. ಅಂದಿನಿಂದ ಕಟ್ಟುನಿಟ್ಟು. ಮನೆಯವರಿಗೆಂದು ಪಡೆದ ಕೋಣೆಯಲ್ಲಿ ಮಲಗದಿದ್ದರೆ ಕೆಲಸದವರ ಫೈಲಿಗೆ ಕಪ್ಪು ಚುಕ್ಕೆ, ಪರೀಕ್ಷೆಯ ಕಾಲದಲ್ಲಿರುವವರಿಗೆ ಕಾಯಂ ಪತ್ರವಿಲ್ಲ. ಮೀಸೆಯವರು ಎರಡು ದಿನವೂ ನಮ್ಮ ಕೋಣೆಗೆ ಬಂದು, ಹಾಸಿಗೆ ಎತ್ತಿ ನೋಡಿ, ಒಣಗಿದ ಬಚ್ಚಲು ನೋಡಿ, ಖಾಲಿ ಕಸದ ಬುಟ್ಟಿ ನೋಡಿ, ಯಾರೂ ಮಲಗಿಲ್ಲ ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಮರಿ ಅಲ್ಲೇ ಹತ್ತಿರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳಲ್ಲ, ನಮ್ಮನ್ನು ಅಲ್ಲಿ ಮಲಗಿಸುತ್ತಿದ್ದಾಳೆಂದು ಎಲ್ಲರ ಅನುಮಾನ.

ಅಕ್ಕ, ಯಾರಿಗೋ ಹಗುರಾಗಲಿ ಎಂದು ಮಾಡಿದ್ದು ನನ್ನ ಮಗಳ ತಲೆಯ ಮೇಲೆ ಬಂದು ಕೂತಿತ್ತು.

ನಾವು ಕೋಣೆಗೆ ಹೋದಾಗ ಮೀಸೆಯವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೌಸ್‌ಕೀಪಿಂಗಿನ ಮುಖ್ಯಸ್ಥೆ. ನರೆತ ಗುಂಗುರು ಕೂದಲನ್ನು ಬಿಗಿದು ಕಟ್ಟಿದ್ದ, ನಗುವನ್ನು ಮನೆಯಲ್ಲೇ ಬಿಟ್ಟು ಬಂದಂತಿದ್ದ ಹೆಂಗಸು. ಕೈಯಲ್ಲಿ ಮರಿಯ ಫೈಲು. ನಾನು ಬಾಯಿ ತೆರೆಯುವ ಮುಂಚೆ ಅವರು ದೊಡ್ಡ ಹಾಸಿಗೆಯ ಕಾಲಿನ ಕಡೆ ಬಗ್ಗಿ ರಗ್ಗು ಎತ್ತಿದರು. ಕೆಳಗೆ ಬೆಡ್‌ಶೀಟಿನ ನಿರಿಗೆ ಇಸ್ತ್ರಿ ಮಾಡಿದ ಹಾಗೆ ನಿಂತಿತ್ತು. ಮಲಗಿದವರ ಪಾದ ತಾಗಿದರೆ ಈ ನಿರಿಗೆ ಬಿಚ್ಚಿಕೊಳ್ಳುತ್ತದೆ, ಇದು ಬಿಚ್ಚಿಲ್ಲ ಎಂದರು. ನಾವು ಮಲಗಿದ್ದು ನಿಜ, ಬೆಳಿಗ್ಗೆ ಎದ್ದು ನಾನೇ ಮತ್ತೆ ಹಾಸಿದೆ ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಅಮ್ಮಾ, ಈ ಊರಲ್ಲಿ ಈ ನಿರಿಗೆ ಇರೋದು ನಮ್ಮ ಹೋಟೆಲಲ್ಲಿ ಮಾತ್ರ. ನಾನೇ ಕಲಿಸೋದು, ಕಲಿಯೋಕೆ ಒಂದು ತಿಂಗಳು ಬೇಕು. ಬಂದ ಅತಿಥಿಗಳಿಗೆ ಬರೋ ಅಂಥದ್ದಲ್ಲ. ನಮ್ಮವರು ಹಾಸಿದ್ದು ಹಾಗೇ ಇದೆ, ಅಷ್ಟೇ" ಎಂದರು. ಫೈಲಿನಲ್ಲಿ ಬೆರಳಿಟ್ಟು, "ಇಲ್ಲಿ ಗೃಹಿಣಿ ಅಂತಿದೆ" ಎಂದರು.

ನನ್ನ ಅಕ್ಕನ ನಿರಿಗೆಯನ್ನು ಯಾರೋ ತಮ್ಮದು ಎನ್ನುತ್ತಿದ್ದಾರೆಂಬ ಸಿಟ್ಟು ಒಂದು ಕಡೆ, ನನ್ನದೇ ಸುಳ್ಳು ನನ್ನ ಮುಖಕ್ಕೆ ಹೊಡೆದ ನಾಚಿಕೆ ಇನ್ನೊಂದು ಕಡೆ. ಅಷ್ಟರಲ್ಲಿ ಮರಿ ಮುಂದೆ ಬಂದಳು. ಅವಳ ಮಾತನ್ನು ಹಾಗೇ ಬರೆಯುತ್ತೇನೆ. "ಅದು ಸುಳ್ಳು ಮೇಡಂ. ನಾನೇ ಬರೆದದ್ದು, ಅದೊಂದೇ ಸುಳ್ಳು. ನಮ್ಮಮ್ಮ ಇಪ್ಪತ್ತಾರು ವರ್ಷದಿಂದ ಹೋಟೆಲಲ್ಲಿ ಹಾಸಿಗೆ ಹಾಸ್ತಾರೆ. ನಮ್ಮ ದೊಡ್ಡಮ್ಮ ಅವರಿಗಿಂತ ಮುಂಚೆಯಿಂದ ಹಾಸ್ತಿದ್ರು. ನಾನು ಓದಿದ್ದು ಆ ಕೆಲಸದಿಂದ. ಪತ್ರ ಕೊಡದಿದ್ರೂ ಪರವಾಗಿಲ್ಲ, ಆ ಸಾಲು ಮೊದಲು ತಿದ್ದಿ." ಬಾಗಿಲಲ್ಲಿ ಓಡಾಡುತ್ತಿದ್ದವರೆಲ್ಲ ನಿಂತು ಕೇಳಿದರು. ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ನಾನು ಹನ್ನೊಂದು ತಿಂಗಳು ಅವಳನ್ನು ಯಾವುದರಿಂದ ಕಾಪಾಡುತ್ತಿದ್ದೆನೋ ನನಗೇ ತಿಳಿಯದಾಯಿತು.

ಇನ್ನು ಮಾತೇಕೆ? ನಾನು ಸೆರಗು ಸಿಕ್ಕಿಸಿ ಹಾಸಿಗೆಯನ್ನು ಪೂರ್ತಿ ಕಿತ್ತೆ. ಬೆಡ್‌ಶೀಟು, ರಗ್ಗು, ದಿಂಬು ಎಲ್ಲ ನೆಲಕ್ಕೆ. ನಮ್ಮವರು ಸಹಾಯಕ್ಕೆ ಬಂದರು, ದೂರ ನಿಲ್ಲಿ ಎಂದೆ. ನೀನು ಕಲಿಸಿದ ಹಾಗೆ ತಲೆಯ ಕಡೆಯಿಂದ ಶುರು ಮಾಡಿದೆ. ಒಂದೇ ಬೀಸಿಗೆ ಬಟ್ಟೆ ಮಧ್ಯದ ಗೆರೆಗೆ ಬಂದು ಕೂತಿತು. ಮೂಲೆ ಸಿಕ್ಕಿಸಿ, ಅಂಗೈಯಿಂದ ಸವರಿ, ಕಾಲಿನ ಕಡೆ ಬಂದೆ. ಮೇಲಿನ ಬೆಡ್‌ಶೀಟನ್ನು ಅಡ್ಡಕ್ಕೆ ಹಿಡಿದು, ಮೂರು ಬೆರಳು ಒಳಗಿಟ್ಟು, ನಿರಿಗೆ ಹಿಡಿದು, ಬೆರಳು ಜಾರಿಸಿ, ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿದೆ. ಹೊರಗೆ ಪಾರ್ಕಿನಲ್ಲಿ ಜನ ಕಿರುಚುತ್ತಿದ್ದುದು ಮಾತ್ರ ಕೇಳುತ್ತಿತ್ತು. ಮುಗಿಸಿ ನಿಂತಾಗ ಅತ್ತೆ ಚಪ್ಪಾಳೆ ತಟ್ಟಿದರು.

ಮುಖ್ಯಸ್ಥೆ ತಟ್ಟಲಿಲ್ಲ. ಬಗ್ಗಿ ಆ ನಿರಿಗೆಯೊಳಗೆ ತಮ್ಮ ಎರಡು ಬೆರಳು ಇಟ್ಟರು. ಜಾಗ ಉಳಿಯಿತು. ಮೂರನೆಯದನ್ನೂ ಇಟ್ಟರು. ಸರಿಯಾಗಿ ಕೂತಿತು. ಬೆಳಿಗ್ಗೆ ನಾನು ಹಾಸಿಟ್ಟಿದ್ದ ಅತ್ತೆಯ ಹಾಸಿಗೆಯಲ್ಲೂ ಬೆರಳಿಟ್ಟು ನೋಡಿದರು, ಅಲ್ಲೂ ಮೂರು. ಆಮೇಲೆ ಏಣಿಯ ಎರಡು ಮೆಟ್ಟಿಲು ಹತ್ತಿ, ನಿನ್ನ ಆ ಮೇಲಿನ ಹಾಸಿಗೆಯ ರಗ್ಗು ಎತ್ತಿ ನೋಡಿದರು. ಅದು ಮೀಸೆಯವರು ಹಾಸಿದ್ದು, ಯಾರೂ ಮುಟ್ಟದೆ ಉಳಿದದ್ದು. ಅದರಲ್ಲಿ ಎರಡೇ ಬೆರಳಿನ ನಿರಿಗೆ. ನೀನು ಬಾರದೆ ಖಾಲಿ ಬಿದ್ದಿದ್ದ ಹಾಸಿಗೆಯೇ ನನ್ನ ಪರವಾಗಿ ಸಾಕ್ಷಿ ಹೇಳಿತು, ಅಕ್ಕ. ಕೆಳಗಿನದನ್ನೂ ಮೇಲಿನದನ್ನೂ ಹಾಸಿದ್ದು ಒಂದೇ ಕೈಯಲ್ಲ ಎಂದು ಕಣ್ಣಿದ್ದವರಿಗೆ ಕಾಣುತ್ತಿತ್ತು.

ಇಳಿದು ಬಂದು ಅವರು ನನ್ನ ಹತ್ತಿರ ನಿಂತರು. "ಮೂರು ಬೆರಳು ಇಡ್ತಿದ್ದವರು ಒಬ್ಬರೇ. ನಿಮಗೆ ಯಾರು ಕಲಿಸಿದ್ದು?" ನಮ್ಮ ಅಕ್ಕ ಎಂದೆ. "ಬಸ್ ನಿಲ್ದಾಣದ ಹಿಂದಿನ ಹೋಟೆಲಾ? ಎರಡನೇ ಮಹಡಿನಾ?" ಹೌದು ಎಂದೆ. ಅಷ್ಟು ಕೇಳಿದ್ದೇ ತಡ, ಆ ಹೆಂಗಸು ನಾನು ಆಗತಾನೇ ಹಾಸಿದ ಹಾಸಿಗೆಯ ಮೇಲೆ ಕೂತುಬಿಟ್ಟರು. ಮೀಸೆಯವರು ಬಾಯಿ ಬಿಟ್ಟುಕೊಂಡು ನೋಡಿದರು. ಅತಿಥಿಯ ಹಾಸಿಗೆಯ ಮೇಲೆ ಕೂತರೆ ಅವರಲ್ಲಿ ದಂಡವಂತೆ.

ನಾನು ಹೆರಿಗೆ ರಜೆಯಲ್ಲಿದ್ದಾಗ ನಿನ್ನ ಕೈಕೆಳಗೆ ಏಳು ತಿಂಗಳು ಕೆಲಸ ಮಾಡಿದ ಗುಂಗುರು ಕೂದಲಿನ ಹುಡುಗಿಯನ್ನು ನೆನಪು ಮಾಡಿಕೋ. ಒಂದೇ ಹಾಸಿಗೆಯನ್ನು ಹನ್ನೊಂದು ಸಲ ಕಿತ್ತು ಹಾಸಿಸಿದ್ದೆಯಂತೆ. ಅವಳು ಬಟ್ಟೆಯ ಗಾಡಿಯ ಹಿಂದೆ ಕೂತು ಅತ್ತಳಂತೆ. ಆಗ ನೀನು ಅವಳನ್ನು ಎಬ್ಬಿಸಿ, ಅದೇ ಹಾಸಿಗೆಯ ಮೇಲೆ ಮಲಗಿಸಿ, ಪಾದ ಅಲ್ಲಾಡಿಸು ಎಂದೆಯಂತೆ. "ನಾಳೆ ಬೆಳಿಗ್ಗೆ ಇಲ್ಲಿಂದ ಎದ್ದು ಹೋಗೋರಿಗೆ ನಿನ್ನ ಮುಖ ಗೊತ್ತಿರಲ್ಲ. ಅವರ ಪಾದಕ್ಕೆ ನೀನು ಗೊತ್ತಿರಬೇಕು" ಎಂದೆಯಂತೆ. ಇದನ್ನೆಲ್ಲ ಹೇಳಿದ ಈ ಮುಖ್ಯಸ್ಥೆಯೇ ಆ ಹುಡುಗಿ. ಇಂಥ ಮಾತನ್ನು ನೀನು ನನಗೆ ಒಂದು ದಿನವಾದರೂ ಹೇಳಿದ್ದೀಯಾ? ನನಗೆ ಬರೀ ಬೈಗುಳ.

ಆ ದಿನ ಅವರೂ ಅಲ್ಲಿದ್ದರಂತೆ. ಮ್ಯಾನೇಜರು ಗಡಿಯಾರ ಹಿಡಿದು ನಿಂತು, ಆರು ನಿಮಿಷದ ಹಾಸಿಗೆಗೆ ಒಂಬತ್ತು ನಿಮಿಷವೇ, ಯಾರಿಗೂ ಕಾಣದ ನಿರಿಗೆಗೆ ನಾನು ಸಂಬಳ ಕೊಡಬೇಕೆ ಎಂದು ನಿನ್ನನ್ನು ಎಲ್ಲರೆದುರು ಕೆಲಸದಿಂದ ತೆಗೆದ ದಿನ. ನೀನು ಅಂದು ಮನೆಗೆ ಬಂದು, ಹದಿನಾಲ್ಕು ವರ್ಷ ಮಾಡಿದ್ದೆಲ್ಲ ದಿನಾ ಬೆಳಗಾದರೆ ಕೆದರಿ ಹೋಯಿತು, ಒಂದು ಗೋಡೆ ಕಟ್ಟಿದ್ದರೆ ಅದಾದರೂ ನಿಂತಿರುತ್ತಿತ್ತು ಎಂದೆ. ನನ್ನ ತೊಡೆಯ ಮೇಲೆ ಹಸುಗೂಸು ಮರಿ ಇದ್ದಳು. ನನಗೆ ನಿನ್ನ ಮಾತಿಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ಮೂರು ವರ್ಷವಾದ ಮೇಲೆ ಈಗ ಹೊಳೆದಿದೆ, ಕೇಳು.

ಆ ಹುಡುಗಿ ಅದೇ ವಾರ ಕೆಲಸ ಬಿಟ್ಟಳು. ಆಮೇಲೆ ನಾಲ್ಕು ಹೋಟೆಲು ಬದಲಿಸಿ, ಎಲ್ಲೆಲ್ಲಿ ನಾಲ್ಕು ಜನ ಕೈಕೆಳಗೆ ಸಿಕ್ಕರೋ ಅಲ್ಲೆಲ್ಲ ನಿನ್ನ ನಿರಿಗೆ ಕಲಿಸಿ, ಎಂಟು ವರ್ಷದ ಹಿಂದೆ ಈ ಹಡಗಿಗೆ ಮುಖ್ಯಸ್ಥೆ ಆಗಿ ಬಂದರು. ಇಲ್ಲೂ ಮೇಲಿನವರು ನಿಮಿಷ ಲೆಕ್ಕ ಹಾಕಿದರಂತೆ. "ಒಂದು ಬೆರಳು ಬಿಟ್ಟುಕೊಟ್ಟೆ, ನಿರಿಗೆ ಉಳಿಸಿಕೊಂಡೆ. ನಿಮ್ಮಕ್ಕ ನೋಡಿದ್ರೆ ಎಲ್ಲಾ ಕಿತ್ತು ಹಾಕ್ತಾರೆ" ಎಂದರು. ಆರುನೂರ ನಲವತ್ತು ಕೋಣೆ, ಅಕ್ಕ. ಪ್ರತಿ ರಾತ್ರಿ ಎರಡು ಸಾವಿರ ಜನ, ಇಡೀ ದಿನ ಪಾರ್ಕಿನಲ್ಲಿ ನಡೆದು ನಡೆದು ನೊಂದ ಕಾಲುಗಳನ್ನು ನಿನ್ನ ನಿರಿಗೆಯೊಳಗೆ ಚಾಚಿ ಮಲಗುತ್ತಾರೆ. ಮೊದಲ ರಾತ್ರಿ ನನ್ನ ಪಾದಕ್ಕೆ ಯಾಕೆ ಮನೆ ನೆನಪಾಯಿತೆಂದು ಈಗ ತಿಳಿಯಿತೇ? ನೀನು ಕಟ್ಟಿದ್ದು ಕೆದರಿ ಹೋಗಿಲ್ಲ.

ಅದಕ್ಕೆ ಅವರಲ್ಲಿ ಒಂದು ಹೆಸರೂ ಇದೆ. ಆಗ ಹೋಟೆಲಿನಲ್ಲಿ ಎಲ್ಲರೂ ನಿನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರಲ್ಲ, ಅವರಿಗೆ ನಿನ್ನ ಹೆಸರು ತಿಳಿದೇ ಇರಲಿಲ್ಲ. ಹೊಸಬರಿಗೆ ಕಲಿಸುವ ಹಾಳೆಯಲ್ಲಿ ಅಕ್ಕನ ನಿರಿಗೆ ಎಂದೇ ಅಚ್ಚಾಗಿದೆ. ಮೀಸೆಯವರು ತಲೆ ಕೆರೆದುಕೊಂಡು, "ದಿನಾ ಹಿಡೀತೀವಿ, ಯಾರ ಅಕ್ಕ ಅಂತ ಯಾವತ್ತೂ ಕೇಳೇ ಇಲ್ಲ ನೋಡಿ" ಎಂದರು. ನನ್ನ ಅಕ್ಕ ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಪಕ್ಕದ ಕೋಣೆಯವರು ಇಣುಕಿ ನೋಡಿದರು.

ಹೊರಡುವಾಗ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ದಿಂಬು ಸರಿಪಡಿಸುವ ನೆಪದಲ್ಲಿ ಬಗ್ಗಿ, ಉತ್ತರ ಕೊಡದೆ ತಪ್ಪಿಸಿಕೊಂಡೆ. ಅದಿರಲಿ. ಮೀಸೆಯವರ ಹಾಳೆಯಲ್ಲಿ ಅವರು ತಮ್ಮ ಕೈಯಲ್ಲೇ ತಿದ್ದಿದರು: ಕೋಣೆಯಲ್ಲಿ ಜನ ಮಲಗಿದ್ದಾರೆ, ಹಾಸಿಗೆಯನ್ನು ನಮಗಿಂತ ಚೆನ್ನಾಗಿ ಹಾಸಿದ್ದಾರೆ. ಕೆಳಗೆ ಸಹಿ. ಗುರುವಾರ ಬೆಳಿಗ್ಗೆ ಮೀಸೆಯವರು ಬಾಗಿಲಿಗೆ ಬಂದು, ದಯವಿಟ್ಟು ಇವತ್ತು ಕೆದರಿದ ಹಾಗೇ ಬಿಟ್ಟು ಹೋಗಿ, ನನ್ನ ಮಾನ ಉಳಿಸಿ ಎಂದು ಕೈಮುಗಿದರು. ಬಿಟ್ಟು ಬಂದೆ. ಬಸ್ಸು ಹತ್ತುವವರೆಗೂ ಕೈ ಕಡಿಯುತ್ತಿತ್ತು.

ಈಗ ಕೊನೆಗೆ ಇಟ್ಟ ಸುದ್ದಿ. ಶುಕ್ರವಾರ ಮರಿಗೆ ಕಾಯಂ ಪತ್ರ ಕೈಗೆ ಬಂತು. ಪತ್ರ ತೆಗೆದುಕೊಂಡವಳೇ ಮೊದಲು ಆಫೀಸಿಗೆ ಹೋಗಿ ಆ ಸಾಲು ಹೊಡೆದು ಹಾಕಿ, ನನ್ನ ಉದ್ಯೋಗ ಬರೆದು ಬಂದಳಂತೆ. ಪಕ್ಕದಲ್ಲಿ ಜಾಗ ಉಳಿದಿತ್ತೆಂದು ನಿನ್ನದನ್ನೂ ಬರೆದಳಂತೆ. ದೊಡ್ಡಮ್ಮನ ಉದ್ಯೋಗ ಯಾರೂ ಕೇಳಿಲ್ಲ ಎಂದರೆ, ಕೇಳದಿದ್ದರೂ ಇರಲಿ ಎಂದಳಂತೆ.

ಇನ್ನು ನಿನ್ನ ಕೆಲಸ. ಮುಖ್ಯಸ್ಥೆ ಮುಂದಿನ ತಿಂಗಳು ಹೊಸಬರನ್ನು ತೆಗೆದುಕೊಳ್ಳುತ್ತಾರೆ. ಒಂದು ದಿನ ನೀನು ಬಂದು ಕುರ್ಚಿಯ ಮೇಲೆ ಕೂತು ಬೈದರೆ ಸಾಕು, ಬಗ್ಗುವುದು ಬೇಡ ಎಂದಿದ್ದಾರೆ. ಕರೆದುಕೊಂಡು ಹೋಗಲು ನಮ್ಮವರು ಈಗಲೇ ಸಿದ್ಧ. ದಾರಿಯಲ್ಲಿ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ. ಮೇಲಿನ ಹಾಸಿಗೆ ಬೇಡ, ಅತ್ತೆ ಕೆಳಗಿನದನ್ನು ನಿನಗೆ ಬಿಟ್ಟುಕೊಡುತ್ತಾರಂತೆ. ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ ಎಂದೆಯಲ್ಲ, ಅಲ್ಲಿ ಲಿಫ್ಟಿದೆ.

ಯಾವಾಗಲೂ ನಿನ್ನ ಬೈಗುಳಕ್ಕೆ ಕಾಯುವ,
ನಿನ್ನ ಪುಟ್ಟಿ

ತಾಜಾ ಕಲಂ: ಮೇಲೆ ಬರೆಯಲು ಕೈ ಬರಲಿಲ್ಲ. ಅವರು ಕೇಳಿದ ಪ್ರಶ್ನೆ, "ನಿಮ್ಮ ಹೋಟೆಲಲ್ಲಿ ಈಗಲೂ ಮೂರು ಬೆರಳೇನಾ?" ಇಷ್ಟು ವರ್ಷ ನೀನೂ ಅದನ್ನೇ ಕೇಳುತ್ತಿದ್ದೆ, ನಿರಿಗೆ ಹಿಡಿಯುತ್ತೀಯಲ್ಲವೇ ಎಂದು. ಪ್ರತಿ ಸಲ ಹೂಂ ಎನ್ನುತ್ತಿದ್ದೆ. ಸುಳ್ಳು, ಅಕ್ಕ. ಹೆರಿಗೆ ರಜೆ ಮುಗಿಸಿ ಹೋದ ಮೊದಲ ದಿನವೇ ಆ ಗಡಿಯಾರ ನೋಡಿ ಬಿಟ್ಟುಬಿಟ್ಟೆ. ಮನೆಯ ಹಾಸಿಗೆಗೆ ಮಾತ್ರ ಉಳಿಸಿಕೊಂಡೆ. ನೀನು ಬೈದು ಅಳಿಸಿದ ಹುಡುಗಿ ಅದನ್ನು ಊರೂರಿಗೆ ಹೊತ್ತಳು, ಒಡಹುಟ್ಟಿದವಳು ಕೈಬಿಟ್ಟಳು. ಹೊಟ್ಟೆಗೆ ಹಾಕಿಕೋ. ನನ್ನ ರಜೆ ಇವತ್ತಿಗೆ ಮುಗಿಯಿತು. ನಾಳೆ ಬೆಳಿಗ್ಗೆ ಏಳಕ್ಕೆ ಕೆಲಸ, ಮೂರನೇ ಮಹಡಿ, ಹದಿನಾಲ್ಕು ಕೋಣೆ. ಹದಿನಾಲ್ಕಕ್ಕೂ ಮೂರು ಬೆರಳು. ಗಡಿಯಾರ ಹಿಡಿದು ನಿಲ್ಲುವವರು ನಿಲ್ಲಲಿ.